ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತೆ, ನಿಂತರೆ ಬಿಡುತ್ತೆ: ಇದು ನರದ ತೊಂದರೆಯೇ?

ಮಂಡ್ಯ ಹತ್ತಿರದ ಹಳ್ಳಿ, ತಂದೆಯವರಿಗೆ 58, ಸಕ್ಕರೆ ಕಾಯಿಲೆ, ದಿನಕ್ಕೊಂದು ಕಟ್ಟು ಬೀಡಿ. ಇನ್ನೂರು ಹೆಜ್ಜೆಗೆ ಮೀನಖಂಡ ಹಿಡಿದುಕೊಂಡು, ಎರಡು ನಿಮಿಷ ನಿಂತರೆ ಬಿಡುತ್ತದೆ. 'ನರ ವೀಕ್' ಅಂತ ಇಂಜೆಕ್ಷನ್ನು, ಎಣ್ಣೆ ತಿಕ್ಕುವುದು ನಡೆದಿದೆ ಎಂದು ಬರೆದಿದ್ದೀರಿ.

ನಮ್ಮ ಕಡೆ ನರ ಅಂದರೆ ನರವೂ ಹೌದು, ರಕ್ತನಾಳವೂ ಹೌದು, ಸ್ನಾಯುವಿನ ಹುರಿಯೂ ಹೌದು. ಎಡವಟ್ಟಾಗುವುದೇ ಅಲ್ಲಿ. ನೀವು ಹೇಳಿದ ಲಕ್ಷಣಕ್ಕೆ ನಾನು ಮೊದಲು ಅನುಮಾನಿಸುವುದು ಕಾಲಿಗೆ ರಕ್ತ ಒಯ್ಯುವ ಅಪಧಮನಿ ಕಟ್ಟಿಕೊಂಡಿರುವುದನ್ನು. ಬೆನ್ನಲ್ಲಿ ನರ ಒತ್ತಿ ಬರುವ ನೋವು ಸಾಮಾನ್ಯವಾಗಿ ಬರೀ ನಿಂತರೆ ಇಳಿಯುವುದಿಲ್ಲ. ಕೂರಬೇಕು, ಇಲ್ಲ ಮುಂದಕ್ಕೆ ಬಾಗಬೇಕು.

ಪಾದದ ಮೇಲ್ಭಾಗದಲ್ಲೂ ಹರಡಿನ (ಪಾದದ ಕೀಲಿನ) ಒಳಬದಿಯ ಮೂಳೆಯ ಹಿಂದೆಯೂ ಎರಡು ಬೆರಳಿಟ್ಟು ನಾಡಿ ಹುಡುಕಿ, ಎರಡೂ ಕಾಲು ಹೋಲಿಸಿ. ಸಿಕ್ಕರೂ ಪರೀಕ್ಷೆ ತಪ್ಪಿಸಬೇಡಿ. ಮಂಡ್ಯದ ಮಿಮ್ಸ್ ಆಸ್ಪತ್ರೆ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಸರ್ಜರಿ ವಿಭಾಗದಲ್ಲಿ 'ಎಬಿಐ ನೋಡಬೇಕಿತ್ತು' ಎಂದು ಕೇಳಿ. ಹರಡಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎಬಿಐ. ಐದತ್ತು ನಿಮಿಷ ಮಲಗಿಸಿ, ರಕ್ತದ ಹರಿವಿನ ಸದ್ದು ಕೇಳಿಸುವ ಡಾಪ್ಲರ್ ಪೆನ್ನು ಹಿಡಿದು ತೋಳಿನ ಮತ್ತು ಹರಡಿನ ಬಿಪಿ ಅಳೆಯುತ್ತಾರೆ. ತೋಳಲ್ಲಿ 140, ಹರಡಲ್ಲಿ 90 ಬಂದರೆ 0.64. 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಯಿಲೆ ಇದೆ. ಸಕ್ಕರೆಯವರಲ್ಲಿ ನಾಳ ಸುಣ್ಣಗಟ್ಟಿ 1.40 ದಾಟಬಹುದು, ಅದನ್ನು 'ಚೆನ್ನಾಗಿದೆ' ಎಂದು ಓದಬಾರದು, ಆಗ ಕಾಲಿನ ಹೆಬ್ಬೆರಳಿನ ಬಿಪಿ ಅಳೆಸಬೇಕು.

ಬೀಡಿ ಕಡಿಮೆ ಮಾಡಿದರೆ ಸಾಲದು, ಪೂರ್ತಿ ಬಿಡಬೇಕು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಬರೆದುಕೊಟ್ಟರೆ ನೋವು ಹೋಯಿತೆಂದು ನಿಲ್ಲಿಸಬೇಡಿ: ಅವು ಹೃದಯಾಘಾತ, ಪಾರ್ಶ್ವವಾಯು ತಪ್ಪಿಸಲಿಕ್ಕೂ ಹೌದು. ಸಿಲೋಸ್ಟಜೋಲ್ ಎಂಬ ಮಾತ್ರೆ ನಡಿಗೆಗೆ ನೆರವಾಗುತ್ತದೆ, ಆದರೆ ಹಾರ್ಟ್ ಫೇಲ್ಯೂರ್ ಇದ್ದವರಿಗೆ ಕೂಡದು.

ಹುಣ್ಣು, ಗಾಯ ಇಲ್ಲದಿದ್ದರೆ ಸ್ಟೆಂಟಿಗಿಂತ ಮೊದಲ ಮದ್ದು ನಡಿಗೆ. ನಾಲೆ ಏರಿ ಮೇಲೆ ನೋವು ಜೋರಾಗುವವರೆಗೆ ನಡೆಯಲಿ, ನಿಲ್ಲಲಿ, ಹೋದ ಮೇಲೆ ಮತ್ತೆ ನಡೆಯಲಿ. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನವಾದರೂ, 12 ವಾರ. ನೋವಿಗೆ ಹೆದರಿ ಕೂರುವವರ ನಡಿಗೆಯ ದೂರ ಕುಗ್ಗುತ್ತಲೇ ಹೋಗುತ್ತದೆ.

ಎಣ್ಣೆ ತಿಕ್ಕಿದರೆ ಕಟ್ಟಿದ ನಾಳ ತೆರೆಯದು. ಬಿಸಿನೀರಿನ ಶಾಖವಂತೂ ಬೇಡ. ಸಕ್ಕರೆಯಿಂದ ಸ್ಪರ್ಶ ಕುಂದಿದ ಪಾದ ಸುಟ್ಟರೂ ಗೊತ್ತಾಗದು. ವೆರಿಕೋಸ್ (ಉಬ್ಬಿದ ಅಭಿಧಮನಿ) ಎಂದು ಯಾರಾದರೂ ಬಿಗಿ ಸ್ಟಾಕಿಂಗ್ಸ್ ಕೊಟ್ಟರೆ, ಎಬಿಐ ನೋಡದೆ ಹಾಕಬೇಡಿ. ಇರುವ ಅಲ್ಪ ರಕ್ತವನ್ನೂ ಅವು ತಡೆಯಬಹುದು. ಕಬ್ಬು ಕಡಿದ ಗದ್ದೆಗೆ ಬರಿಗಾಲಲ್ಲಿ ಇಳಿಯುವುದು ನಿಲ್ಲಲಿ. ಕೂಳೆ ಚುಚ್ಚಿದ ಸಣ್ಣ ಗಾಯವೇ ಕೊಳೆತು ಬೆರಳು ತೆಗೆಯುವ ಹಂತಕ್ಕೆ ಹೋಗಬಹುದು. ರಾತ್ರಿ ಪಾದ ನೋಡಿ, ಬೆರಳ ಸಂದಿ ಬಿಡದೆ.

ರಾತ್ರಿ ಪಾದ ನೋಯುತ್ತಿದ್ದು, ಕಾಲು ಮಂಚದಿಂದ ಇಳಿಬಿಟ್ಟರೆ ಹಾಯೆನಿಸಿದರೆ, ಅಥವಾ ಬೆರಳು ಕಪ್ಪಾದರೆ, ತಡಮಾಡದೆ ರಕ್ತನಾಳ ತಜ್ಞರನ್ನು ಕಾಣಿ. ಕಾಲು ದಿಢೀರನೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದು, ಬೆರಳು ಆಡದಿದ್ದರೆ ಬೆಳಗಾಗಲಿ ಅನ್ನಬೇಡಿ. ಸುಮಾರು 6 ಗಂಟೆಯೊಳಗೆ ರಕ್ತ ಹರಿಯದಿದ್ದರೆ ಮಾಂಸಖಂಡ ಸಾಯುತ್ತದೆ. ನಾಳ ತೆರೆಯುವ ಸರ್ಜನ್ ಈಗ ಇದ್ದಾರಾ ಎಂದು ಫೋನಿನಲ್ಲಿ ಕೇಳಿಕೊಂಡೇ ಗಾಡಿ ಹೊರಡಿಸಿ.