ಮೋಶಿಯ ಹಳೆಯ ಗೆಳೆಯರನ್ನು ಕಾಣಲು ಯಾವಾಗ, ಹೇಗೆ ಹೋಗಬೇಕು?

ಹಿಂದೆ ತಾಂಜಾನಿಯಾದ ಮೋಶಿಯಲ್ಲಿ ಕೆಲಸದಲ್ಲಿದ್ದ ತಾವು, ಅಲ್ಲಿನ ಚಾಗಾ ಜನಾಂಗದ ಗೆಳೆಯರನ್ನು ಮತ್ತೆ ಕಾಣಲು ಯಾವಾಗ ಹೋಗಬೇಕು, ಏನು ಒಯ್ಯಬೇಕು ಎಂದು ಕೇಳಿದ್ದೀರಿ. ಅದೇ ಊರಿನಲ್ಲಿ ಪಾಠ ಹೇಳಿ, ಮುಂದೆ ಅಲ್ಲಿಗೆ ಮರಳಿ ಹೋಗಿಬಂದವನಾಗಿ ಉತ್ತರಿಸುತ್ತಿದ್ದೇನೆ.

ಸಾಧ್ಯವಿದ್ದರೆ ಡಿಸೆಂಬರ್ ಕೊನೆಗೆ ಹೋಗಿ. ದಾರ್ ಎಸ್ ಸಲಾಮ್, ಅರುಶಾಗಳಲ್ಲಿ ನೌಕರಿ, ವ್ಯಾಪಾರ ಮಾಡಿಕೊಂಡಿರುವ ಚಾಗಾ ಕುಟುಂಬಗಳು ಕ್ರಿಸ್‌ಮಸ್ ಹಬ್ಬಕ್ಕೆ ಕಿಲಿಮಂಜಾರೋ ತಪ್ಪಲಿನ ಮಾರಂಗು, ಮಚಾಮೆ, ಕಿಬೋಶೋ, ರೊಂಬೋಗಳ ಮೂಲಮನೆಗಳಿಗೆ ಬರುವುದು ಬಹುಕಾಲದ ರೂಢಿ. ಬೇರೆ ತಿಂಗಳಲ್ಲಿ ಹೋದರೆ ಎಷ್ಟೋ ಮನೆಗಳಲ್ಲಿ ಹಿರಿಯರು ಮಾತ್ರ ಸಿಗುತ್ತಾರೆ. ಆ ದಿನಗಳಲ್ಲಿ ಬಸ್ಸುಗಳು ತುಂಬಿರುವುದರಿಂದ ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ. ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಯಲ್ಲಿ ಮೇಲಿನ ಹಳ್ಳಿಗಳ ಮಣ್ಣುದಾರಿಗಳು ಕೆಡುತ್ತವೆ.

ಹುಡುಕುವಾಗ ಒಂದು ತೊಡಕು ಎದುರಾಗಬಹುದು. ಮಕ್ಕಳಾದ ಮೇಲೆ ತಾಯಿ ತಂದೆಯರನ್ನು ಸಾಮಾನ್ಯವಾಗಿ ಮಗುವಿನ ಹೆಸರಿಗೆ ಮೊದಲು 'ಮಾಮಾ', 'ಬಾಬಾ' ಸೇರಿಸಿ ಕರೆಯುವುದರಿಂದ, ತಾವು ಬಲ್ಲ ಹೆಸರು ನೆರೆಯವರಿಗೆ ತಿಳಿಯದೆ ಇರಬಹುದು. ಮಕ್ಕಳ ಹೆಸರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬಾಗಿಲಲ್ಲಿ 'ಹೋದಿ' ಎಂದು ಕೂಗಿ, ಒಳಗಿನಿಂದ 'ಕರಿಬು' ಎಂಬ ಉತ್ತರ ಬಂದ ಮೇಲೆ ಒಳಗೆ ಹೋಗಿ, ಹಿರಿಯರಿಗೆ ಮೊದಲು 'ಶಿಕಾಮೂ' ಎಂದು ಗೌರವದ ವಂದನೆ ಹೇಳಿ.

ತಾವಿಲ್ಲದ ವರ್ಷಗಳಲ್ಲಿ ಯಾರಾದರೂ ತೀರಿಕೊಂಡಿದ್ದರೆ ಮೊದಲ ಮಾತು ಅವರ ಬಗ್ಗೆಯೇ ಆಗಬೇಕೆಂದು ನಾನು ಬಲವಾಗಿ ನಂಬಿದ್ದೇನೆ. ಕಾಫಿ, ಬಾಳೆ ಒಟ್ಟಿಗೆ ಬೆಳೆಯುವ 'ಕಿಹಂಬಾ' ಎಂಬ ಮನೆತೋಟದಲ್ಲಿಯೇ ಹಲವು ಮನೆತನಗಳವರ ಸಮಾಧಿಗಳಿರುತ್ತವೆ. ಊಟಕ್ಕೆ ಕೂರುವ ಮೊದಲು ಅಲ್ಲಿಗೆ ಕರೆದೊಯ್ಯುವಂತೆ ಕೇಳಿ, 'ಪೋಲೆ' ಎಂದು ಸಂತಾಪ ಹೇಳಿ, ಸ್ವಲ್ಪ ಹೊತ್ತು ನಿಲ್ಲಿ. ನನ್ನ ಗೆಳೆಯನ ತಾಯಿ, ಗಂಡನ ಸಮಾಧಿಯ ಬಳಿ ನಿಂತು ಅವರ ಕೊನೆಯ ದಿನಗಳನ್ನೆಲ್ಲ ಹೇಳಿಕೊಂಡ ಮೇಲೆಯೇ ನಮ್ಮ ನಡುವಿನ ಹಳೆಯ ಸಲುಗೆ ಮರಳಿತು.

ಒಂದು ದಿನಕ್ಕೆ ಒಂದೇ ಮನೆ ಇಟ್ಟುಕೊಳ್ಳಿ. ಆತುರದಲ್ಲಿ ಎದ್ದು ಹೊರಟರೆ ಅವರಿಗೆ ನೋವಾಗುತ್ತದೆ. ಬಾಳೆಕಾಯಿ ಮತ್ತು ಮಾಂಸದ ಸಾರು 'ಮ್ತೋರಿ', ಬಾಳೆಹಣ್ಣಿಗೆ ಮೊಳಕೆ ಬರಿಸಿದ ರಾಗಿ ಸೇರಿಸಿ ಹುದುಗಿಸಿದ ಮದ್ಯ 'ಮ್ಬೆಗೆ' ಬರುವ ಸಂಭವವಿದೆ. ತಾವು ಸಸ್ಯಾಹಾರಿಯಾಗಿದ್ದರೆ ಹಿಂದಿನ ದಿನವೇ ಫೋನಿನಲ್ಲಿ ತಿಳಿಸಿ. ಬಾಳೆಕಾಯಿ, ಬೀನ್ಸ್ ಕಾಳಿನ 'ಕಿಬುರು' ಮಾಡಿಕೊಡುತ್ತಾರೆ. ಅಡುಗೆಯಾದ ಮೇಲೆ ಬೇಡವೆನ್ನುವುದು ಮನೆಯಾಕೆಯ ಶ್ರಮಕ್ಕೆ ತಕ್ಕದ್ದಲ್ಲ.

ಉಡುಗೊರೆಗೆ ಸಕ್ಕರೆ, ಚಹಾಪುಡಿ, ಅಕ್ಕಿ, ಸೋಪು ಸಾಕು. ತಾಯಂದಿರಿಗೆ ಮೋಶಿ ಪೇಟೆಯಲ್ಲಿ ಕಾಂಗಾ ಬಟ್ಟೆ ಕೊಳ್ಳಿ. ತಮ್ಮ ಬಳಿ ಆ ಕಾಲದ ಫೋಟೋಗಳಿದ್ದರೆ, ಮನೆಗೊಂದರಂತೆ ಕಾಗದದ ಮೇಲೆ ಪ್ರಿಂಟ್ ಹಾಕಿಸಿಕೊಂಡೇ ಹೊರಡಿ.