ಮೈಸೂರು ಚಿತ್ರಕ್ಕೆ ಆ ಗೋಡೆ ಬೇಡ

ಅಜ್ಜಿಯ ಕಾಲದ ಮೈಸೂರು ಶೈಲಿಯ ಸರಸ್ವತಿ ಚಿತ್ರವನ್ನೂ ದೊಡ್ಡ ಕನ್ನಡಿಯನ್ನೂ ಪಶ್ಚಿಮದ ಕಿಟಕಿಗೆ ಎದುರಿನ ಗೋಡೆಗೆ ಹಾಕಬಹುದೇ ಎಂದು ಕೇಳಿದ್ದೀರಿ. ಕನ್ನಡಿಯನ್ನು ಹಾಕಿ, ಹಜಾರಕ್ಕೆ ಬೆಳಕು ಹೆಚ್ಚುತ್ತದೆ. ಚಿತ್ರ ಮಾತ್ರ ಖಂಡಿತ ಬೇಡ. ಸಂಜೆಯ ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ.

ದೇವಿಯ ಒಡವೆ, ಕಿರೀಟಗಳನ್ನು ಓರೆಯಾಗಿ ನೋಡಿ, ತುಸು ಉಬ್ಬಿದ ಗೆರೆಗಳು ಕಾಣುತ್ತವೆ. ಅದು ಬಿಳಿ ಪುಡಿ ಮತ್ತು ಅಂಟಿನಿಂದ ಮಾಡಿದ ಗೆಸ್ಸೊ. ಅದರ ಮೇಲೆ ಚಿನ್ನದ ರೇಕು. ತೇವ ತಗುಲಿದರೆ ಅಂಟು ಸಡಿಲಗೊಂಡು ರೇಕು ಹಕ್ಕಳೆ ಏಳುತ್ತದೆ. ಹಾಗಾಗಿ ಬಚ್ಚಲಿಗೆ ಹೊಂದಿಕೊಂಡ ಗೋಡೆಯೂ, ಮಳೆಗಾಲದಲ್ಲಿ ಒರತೆ ಕಾಣುವ ಹೊರಗೋಡೆಯೂ ಬೇಡ. ಫ್ರೇಮು ಬದಲಿಸುವುದಾದರೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರುವ ದಪ್ಪ ರಟ್ಟಿನ ಅಂಚು) ಇಡಿಸಿ. ಅಂಗಡಿಯವರು ತಾವಾಗಿಯೇ ಇದನ್ನು ಹೇಳುವುದು ಅಪರೂಪ.

ದೇವರ ಪಟವೆಂದು ಬಾಗಿಲ ನೆತ್ತಿಗೆ ಏರಿಸುವ ರೂಢಿ ನಮ್ಮಲ್ಲಿದೆ. ಅಷ್ಟು ನಾಜೂಕಿನ ಕೆಲಸ ಅಲ್ಲಿ ಯಾರಿಗೆ ಕಾಣಬೇಕು? ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂ.ಮೀ. ಎತ್ತರದಲ್ಲಿರಲಿ.

ಕನ್ನಡಿಯ ಭಾರಕ್ಕೆ ಒಂಟಿ ಮೊಳೆಯನ್ನು ನಂಬಬೇಡಿ. ಡ್ರಿಲ್ ಮಾಡಿಸಿ, ಎರಡು ಕಡೆ ಪ್ಲಗ್ ಹಾಕಿ ಸ್ಕ್ರೂ ಬಿಗಿಸಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಮೊದಲೇ ಕೇಳಿಬಿಡಿ. ಚಿತ್ರದ ಗಾಜು ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಿಕೊಳ್ಳಿ; ಗಾಜಿಗೇ ಸಿಂಪಡಿಸಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ.