ಬಿಕಿನಿ ಕಿಲ್ ಬ್ಯಾಂಡಿನ ಹಳೆ ಹಾಡುಗಳನ್ನು ಎಲ್ಲಿಂದ ಶುರು ಮಾಡಬೇಕು? ಟೀ ಶರ್ಟ್ ಮಾರಿ ಟೋಗೋ ಹುಡುಗಿಯರನ್ನು ಓದಿಸ್ತಾರಂತೆ, ಹೌದಾ?

ಕ್ಯಾಸೆಟ್‌ನಿಂದಲೇ ಶುರು ಮಾಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಊರಲ್ಲಿ 1990ರಲ್ಲಿ ಹುಟ್ಟಿದ ಸ್ತ್ರೀವಾದಿ ಪಂಕ್ (ಒರಟಾದ, ವೇಗದ ರಾಕ್ ಸಂಗೀತ) ಬ್ಯಾಂಡ್ ಇದು. ಮರುವರ್ಷವೇ 'ರೆವಲ್ಯೂಷನ್ ಗರ್ಲ್ ಸ್ಟೈಲ್ ನೌ' ಅನ್ನೋ ಡೆಮೊ (ಮಾದರಿಗೆಂದು ಮಾಡಿದ ಕಚ್ಚಾ ರೆಕಾರ್ಡಿಂಗ್) ಕ್ಯಾಸೆಟ್ಟನ್ನು ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ಹೊರತಂದರು. 2015ರಲ್ಲಿ ಅದು ಮತ್ತೆ ಬಿಡುಗಡೆಯಾಯಿತು. ಆಗ ಅಲ್ಲಿವರೆಗೆ ಯಾರೂ ಕೇಳಿರದ ಮೂರು ಹಾಡುಗಳೂ ಜೊತೆಗೆ ಬಂದವು.

ಆಮೇಲೆ 1992ರ ಇಪಿ, ಅಂದ್ರೆ ಕೆಲವೇ ಹಾಡುಗಳ ಚಿಕ್ಕ ಆಲ್ಬಮ್, ಕೇಳಿ. 'ಡಬಲ್ ಡೇರ್ ಯಾ' ಹಾಡು ಎರಡರಲ್ಲೂ ಇದೆ. ಇಪಿಯಲ್ಲಿ ಮೊದಲು ಗಿಟಾರ್ ಕುಯ್ಯೋ ಅನ್ನುತ್ತೆ, ನಂತರ ಗಾಯಕಿ ಕ್ಯಾಥ್ಲೀನ್ ಹ್ಯಾನಾ ಬ್ಯಾಂಡಿನ ಹೆಸರು ಕೂಗಿ ಹೇಳ್ತಾರೆ. ಮೈ ಜುಮ್ ಅನ್ನೋದು ಅಲ್ಲೇ. ಆದರೂ ನನಗೆ ಡೆಮೊನೇ ಜಾಸ್ತಿ ಇಷ್ಟ. ನುಣುಪು ಮಾಡೋಕೆ ಹೋಗಿಲ್ಲ, ಪಕ್ಕದ ಕೋಣೆಯಲ್ಲೇ ಬಾರಿಸ್ತಿದ್ದಾರೇನೋ ಅನ್ನಿಸುತ್ತೆ.

ಟೀ ಶರ್ಟ್ ವಿಷಯ ನಿಜ, ಆದರೆ ಅದು ಬ್ಯಾಂಡಿನದಲ್ಲ, ಹ್ಯಾನಾ ಅವರದು. 2018ರಲ್ಲಿ 'ಟೀಸ್ ಫಾರ್ ಟೋಗೋ' ಶುರು ಮಾಡಿದರು. ಕಲಾವಿದರು, ನಟರ ಚಿತ್ರವಿರೋ ಅಂಗಿ, ಶುರುವಲ್ಲಿ ಬೆಲೆ 40 ಡಾಲರ್ ಇತ್ತು. ಹಣ 'ಪೀಸ್ ಸಿಸ್ಟರ್ಸ್' ಸಂಸ್ಥೆಗೆ ಹೋಗುತ್ತೆ. ಪಶ್ಚಿಮ ಆಫ್ರಿಕಾದ ಟೋಗೋ ದೇಶದ ಉತ್ತರಕ್ಕಿರೋ ಡಪಾಂಗ್‌ನಲ್ಲಿ ಬಡ ಹುಡುಗಿಯರ ಸ್ಕೂಲ್ ಫೀಸ್ ಕಟ್ಟೋದು ಇವರ ಕೆಲಸ. ಆಗ ಒಂದು ಅಂಗಿ ಅಂದ್ರೆ ಹೆಚ್ಚುಕಮ್ಮಿ ಒಬ್ಬಳ ಒಂದು ವರ್ಷದ ಫೀಸ್ ಆಗ್ತಿತ್ತು. ಅಂಗಿಗೆ ದುಬಾರಿ ಅನ್ನಿಸಬಹುದು, ಫೀಸಿಗಲ್ಲ ಅಲ್ವಾ?